ಕಡಲ ದಂಡೆಯ ನಿಲ್ದಾಣ, ಘಟ್ಟದ ಒಂಟಿ ಹಳಿ: ವಾಸ್ಕೊ ರೈಲುಗಳ ಲೆಕ್ಕಾಚಾರ

ಗೋವಾದ ವಾಸ್ಕೊ ಡ ಗಾಮಾದಿಂದ ಹುಬ್ಬಳ್ಳಿಗೆ ರೈಲು ದಾರಿ ಇನ್ನೂರು ಕಿಲೋಮೀಟರಿಗೂ ಕಡಿಮೆ. ಎಕ್ಸ್‌ಪ್ರೆಸ್ ಗಾಡಿಗೆ ಅಷ್ಟು ದೂರಕ್ಕೆ ಸುಮಾರು ಆರು ತಾಸು ಬೇಕು. ಮಳೆಗಾಲದಲ್ಲಿ ಅದಕ್ಕೂ ಖಾತ್ರಿ ಇಲ್ಲ. ಬೈನಾ, ಝುವಾರಿನಗರ, ವಾಸ್ಕೊ ಪೇಟೆಯಲ್ಲಿ ನೆಲೆಸಿರುವ ಗದಗ, ಕೊಪ್ಪಳ, ಬಾಗಲಕೋಟೆ, ಹಾವೇರಿ ಕಡೆಯ ಜನ ಊರಿಗೆ ಹೋಗುವುದು ಇದೇ ಹಳಿಯ ಮೇಲೆ. ನಾಗರ ಪಂಚಮಿಗೋ ಊರ ಜಾತ್ರೆಗೋ ಹೊರಟಾಗ ಜನರಲ್ ಬೋಗಿಯ ಬಾಗಿಲಲ್ಲಿ ಕಾಲೂರಲೂ ಜಾಗ ಇರುವುದಿಲ್ಲ. ಆಗೆಲ್ಲ ಕೇಳಿಬರುವ ಮಾತು ಒಂದೇ: ವಾಸ್ಕೊದಿಂದ ಇನ್ನೊಂದು ರೈಲು ಬಿಡಿ.

ಬೇಡಿಕೆ ನ್ಯಾಯವಾದದ್ದೇ. ಆದರೆ ವಾಸ್ಕೊದಿಂದ ಎಷ್ಟು ರೈಲು ಹೊರಡಬಹುದು ಎಂಬುದನ್ನು ತೀರ್ಮಾನಿಸುವುದು ಅಲ್ಲಿಂದ ಐವತ್ತು ಚಿಲ್ಲರೆ ಕಿಲೋಮೀಟರ್ ಆಚೆ, ಗೋವಾದ ಕುಳೆಂ ಮತ್ತು ಕರ್ನಾಟಕದ ಕ್ಯಾಸಲ್‌ರಾಕ್ ನಡುವಿನ ಸುಮಾರು 26 ಕಿ.ಮೀ. ಘಟ್ಟ. ಅಲ್ಲಿ ಇರುವುದು ಒಂದೇ ಹಳಿ. ಆ ಹಳಿಯ ಮೇಲೆ ಪ್ರಯಾಣಿಕರ ಗಾಡಿಯ ಜೊತೆ ಪಾಲು ಕೇಳುವುದು ಮರ್ಮಗೋವಾ ಬಂದರಿನಿಂದ ಬಳ್ಳಾರಿ ಕಡೆಗೆ ಏರುವ ಕಲ್ಲಿದ್ದಲು. ಜೋಡಿ ಹಳಿ ಬೇಕೋ ಬೇಡವೋ ಎಂಬ ಜಗಳ ಗೋವಾದಲ್ಲಿ ವರ್ಷಗಳಿಂದ ನಡೆದಿದೆ, ಸುಪ್ರೀಂ ಕೋರ್ಟ್‌ ತನಕ ಹೋಗಿದೆ. ಅದರಲ್ಲಿ ಕನ್ನಡಿಗ ಪ್ರಯಾಣಿಕನ ಹಿತ ಎಲ್ಲಿದೆ ಎಂದು ಅರಿಯಬೇಕಾದರೆ ಹಳಿ, ಎಂಜಿನ್, ಏರುಗಳ ಲೆಕ್ಕದಿಂದಲೇ ಹೊರಡಬೇಕು.

ಹತ್ತಿ ಇಳಿಯಲೆಂದು ಹಾಕಿದ ದಾರಿ

ಈ ದಾರಿಯನ್ನು ಹಾಕಿದ್ದು ಗೋವಾದ ಜನ ಓಡಾಡಲಿ ಎಂದಲ್ಲ. ಧಾರವಾಡ, ಹುಬ್ಬಳ್ಳಿ, ಗದಗ, ಬಳ್ಳಾರಿ ಸೀಮೆಯ ಹತ್ತಿಗೆ ಮುಂಬಯಿಗಿಂತ ಹತ್ತಿರದ ಬಂದರು ಬೇಕಿತ್ತು. ಮರ್ಮಗೋವಾ ಒಳ್ಳೆಯ ಸಹಜ ಬಂದರು, ಆದರೆ ಪೋರ್ಚುಗೀಸರ ಕೈಯಲ್ಲಿತ್ತು. 1878ರ ಡಿಸೆಂಬರ್‌ನಲ್ಲಿ ಬ್ರಿಟಿಷರಿಗೂ ಪೋರ್ಚುಗಲ್‌ಗೂ ಒಪ್ಪಂದವಾಯಿತು. ರೈಲಿನ ಆಸೆಗೆ ಪೋರ್ಚುಗಲ್ ಗೋವಾದ ಉಪ್ಪಿನ ಮೇಲಿನ ಹಿಡಿತವನ್ನೇ ಬ್ರಿಟಿಷರಿಗೆ ಬಿಟ್ಟುಕೊಟ್ಟಿತು. ಗೋವಾದ ಉಪ್ಪಿನಗದ್ದೆಗಳವರು ಅದಕ್ಕೆ ಭಾರೀ ಬೆಲೆ ತೆತ್ತರು. 1881ರಲ್ಲಿ ವೆಸ್ಟ್ ಆಫ್ ಇಂಡಿಯಾ ಪೋರ್ಚುಗೀಸ್ ರೈಲ್ವೆ ಎಂಬ ಕಂಪನಿ ಹುಟ್ಟಿತು. ಹೆಸರಿನಲ್ಲಿ ಪೋರ್ಚುಗಲ್ ಇದ್ದರೂ ಹಣವೂ ಎಂಜಿನಿಯರಿಕೆಯೂ ಇಂಗ್ಲೆಂಡಿನವು. 1887ರಲ್ಲಿ ಮರ್ಮಗೋವಾದಿಂದ ಸಾವರ್ಡೆ ತನಕ ಗಾಡಿ ಓಡಿತು. ಮರುವರ್ಷ ಘಟ್ಟ ಹತ್ತಿ ಕ್ಯಾಸಲ್‌ರಾಕ್ ಮುಟ್ಟಿತು. ಬಂದರಿನಿಂದ ಗಡಿ ತನಕ ಒಟ್ಟು 51 ಮೈಲಿ, ಅಂದರೆ 82 ಕಿ.ಮೀ. ಮೇಲಿನಿಂದ ಸದರ್ನ್ ಮರಾಠಾ ರೈಲ್ವೆ ತನ್ನ ಮೀಟರ್ ಗೇಜ್ ಹಳಿಯನ್ನು ಲೋಂಡಾ ಮಾರ್ಗವಾಗಿ ತಂದು ಕೂಡಿಸಿತು.

ಕಡಲಿಗೆ ಅಂಟಿಕೊಂಡಿದ್ದ ಮರ್ಮಗೋವಾ ಹಾರ್ಬರ್ ಮೊದಲಿಗೆ ಕೊನೆಯ ನಿಲ್ದಾಣ. ವಾಸ್ಕೊ ಅದಕ್ಕಿಂತ ಸುಮಾರು ಮೂರು ಕಿಲೋಮೀಟರ್ ಹಿಂದಿನದು. ಇಂದು ಪ್ರಯಾಣಿಕರ ಗಾಡಿಗಳೆಲ್ಲ ವಾಸ್ಕೊದಲ್ಲೇ ನಿಲ್ಲುತ್ತವೆ, ಹಾರ್ಬರ್ ಪೂರ್ತಿ ಸರಕಿನದು. ಗಡಿಯ ಈ ಕಡೆ ಕುಳೆಂನಲ್ಲಿ ಪೋರ್ಚುಗೀಸರ ಸುಂಕದ ತಪಾಸಣೆ, ಆ ಕಡೆ ಕ್ಯಾಸಲ್‌ರಾಕ್‌ನಲ್ಲಿ ಬ್ರಿಟಿಷರದು, ಸ್ವಾತಂತ್ರ್ಯಾನಂತರ ಭಾರತದ್ದು. ಕಾಡಿನ ನಡುವಿನ ಕ್ಯಾಸಲ್‌ರಾಕ್‌ಗೆ ಅಷ್ಟು ದೊಡ್ಡ ಯಾರ್ಡ್ ಇರುವುದಕ್ಕೆ ಗಡಿ ಠಾಣೆಯ ಆ ಕಾಲವೂ ಒಂದು ಕಾರಣ. 1955ರಲ್ಲಿ ಭಾರತ ಗೋವಾಕ್ಕೆ ಆರ್ಥಿಕ ದಿಗ್ಬಂಧನ ಹಾಕಿದಾಗ ಗಡಿ ದಾಟುವ ರೈಲು ನಿಂತುಹೋಯಿತು. ಸಂಪರ್ಕ ಮತ್ತೆ ಕೂಡಿಕೊಂಡದ್ದು 1961ರ ಗೋವಾ ವಿಮೋಚನೆಯ ನಂತರ.

ಹತ್ತಿಯ ಲೆಕ್ಕ ಹೆಚ್ಚು ಕಾಲ ನಿಲ್ಲಲಿಲ್ಲ. 1892ರಲ್ಲಿ ಒಪ್ಪಂದ ಮುಗಿಯಿತು. ಪುಣೆ–ಲೋಂಡಾ ಮಾರ್ಗ ಕೂಡಿಕೊಂಡ ಮೇಲೆ ಮುಂಬಯಿ ಬಂದರು ಸಾಗಣೆ ದರದ ಪೈಪೋಟಿಯಲ್ಲಿ ಮಾಲನ್ನು ತನ್ನತ್ತ ಸೆಳೆಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಗೋವಾದ ದಾರಿಯ ನಿರ್ವಹಣೆಯೇ ಸದರ್ನ್ ಮರಾಠಾ ರೈಲ್ವೆಗೆ ಹೋಯಿತು. ಮುಂದೆ ಸಂಡೂರಿನ ಮ್ಯಾಂಗನೀಸ್ ಅದಿರು ಇದೇ ಹಳಿಯಲ್ಲಿ ಕಡಲಿಗೆ ಇಳಿಯಿತು. ಇಲ್ಲಿ ಗಮನಿಸಬೇಕಾದದ್ದು ಇಷ್ಟು: ಹತ್ತಿಯಿರಲಿ ಅದಿರಿರಲಿ, ಭಾರ ಇಳಿಜಾರಿನಲ್ಲಿ ಬರುತ್ತಿತ್ತು, ಮೇಲೆ ಹತ್ತುತ್ತಿದ್ದದ್ದು ಹೆಚ್ಚಾಗಿ ಖಾಲಿ ಅಥವಾ ಹಗುರ ಗಾಡಿ. ಘಟ್ಟಕ್ಕೆ ಒಗ್ಗುವ ವ್ಯವಹಾರ ಅದು. ಈಗಿನದು ತಲೆಕೆಳಗು. ಹಡಗಿನಲ್ಲಿ ಬರುವ ಆಮದು ಕಲ್ಲಿದ್ದಲು ಮರ್ಮಗೋವಾದಲ್ಲಿ ವ್ಯಾಗನ್ ತುಂಬಿ, ತೋರಣಗಲ್ಲಿನಂಥ ಉಕ್ಕಿನ ಕಾರ್ಖಾನೆಗಳತ್ತ ಮೇಲಕ್ಕೆ ಏರುತ್ತದೆ. ಇಳಿದು ಬರುವುದು ಹೆಚ್ಚಾಗಿ ಖಾಲಿ ರೇಕ್, ಅಂದರೆ ವ್ಯಾಗನ್‌ಗಳ ಪೂರ್ತಿ ಸಾಲು. ಭಾರ ದಿಕ್ಕು ಬದಲಿಸಿದ್ದೇ ಇಂದಿನ ಹೆಚ್ಚಿನ ತೊಂದರೆಗಳ ಬೇರು.

ಮೂವತ್ತೇಳಕ್ಕೆ ಒಂದು

ಘಟ್ಟದ ಏರು 37ಕ್ಕೆ 1. ಮೂವತ್ತೇಳು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲೆ. ರಸ್ತೆಗೆ ಇದು ಏನೂ ಅಲ್ಲ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರ ಓಡುವಲ್ಲಿ ಇದು ದೇಶದ ಬ್ರಾಡ್‌ಗೇಜ್ ಮುಖ್ಯ ಮಾರ್ಗಗಳ ಅತಿ ಕಡಿದಾದ ಏರುಗಳ ಸಾಲಿಗೆ ಸೇರುತ್ತದೆ. ಮುಂಬಯಿ–ಪುಣೆ ನಡುವಿನ ಬೋರ್ ಘಾಟ್ ಕೂಡ 37ಕ್ಕೆ 1ರದೇ, ಆದರೆ ಅಲ್ಲಿ ಮೂರು ಹಳಿಗಳಿವೆ.

ಲೆಕ್ಕ ಹಾಕಿ ನೋಡೋಣ. ಈ ಏರಿನಲ್ಲಿ ಪ್ರತಿ ಟನ್ ಭಾರಕ್ಕೆ ಗುರುತ್ವವೊಂದನ್ನು ಗೆಲ್ಲಲು ಸುಮಾರು 27 ಕಿಲೋ ಎಳೆತ ಬೇಕು. ತಿರುವುಗಳ ಘರ್ಷಣೆ, ಚಕ್ರದ ತಡೆ ಬೇರೆ. 58 ಬಾಕ್ಸ್‌ಎನ್ (ಕಲ್ಲಿದ್ದಲು ಸಾಗಿಸುವ ತೆರೆದ) ವ್ಯಾಗನ್‌ಗಳ ರೇಕ್ ತುಂಬಿದರೆ, ಒಂದೊಂದು 81 ಟನ್‌ನಂತೆ, ಸುಮಾರು 4,700 ಟನ್ ಆಗುತ್ತದೆ. ಅಂದರೆ ಬರೀ ಏರಿಗೇ 127 ಟನ್ ಎಳೆತ. ಡಬ್ಲ್ಯುಡಿಜಿ–4 ಜಾತಿಯ ಬಲವಾದ ಡೀಸೆಲ್ ಎಂಜಿನ್ ಹೊರಡುವ ಕ್ಷಣದಲ್ಲಿ ಕೊಡುವ ಗರಿಷ್ಠ ಎಳೆತ 54 ಟನ್ ಆಸುಪಾಸು, ಅದೂ ಒಣ ಹಳಿಯ ಮೇಲೆ. ಮಳೆಯಲ್ಲಿ ಚಕ್ರ ಜಾರುತ್ತದೆ, ಮರಳು ಸುರಿದರೂ ಅಷ್ಟು ಸಿಗದು. ಹಾಗೆಂದು ಬೇಕಾದ ಎಂಜಿನ್‌ಗಳನ್ನೆಲ್ಲ ಮುಂದೆಯೇ ಕಟ್ಟಿದರೆ ಮೊದಲ ವ್ಯಾಗನ್‌ನ ಕಪ್ಲರ್ (ಕೂಡಿಸುವ ಕೊಂಡಿ) ಮೇಲೆ ಇಡೀ ಗಾಡಿಯ ಭಾರ ಬಿದ್ದು ಅದು ಹರಿಯುವ ಅಪಾಯವಿದೆ. ಆದ್ದರಿಂದ ಕೆಲವು ಮುಂದೆ ಎಳೆಯುತ್ತವೆ, ಕೆಲವು ಹಿಂದಿನಿಂದ ನೂಕುತ್ತವೆ. ಮೂರು ಮುಂದೆ, ಎರಡು ಹಿಂದೆ ಎಂಬ ಜೋಡಣೆ ಇಲ್ಲಿ ಸಾಮಾನ್ಯ. ಹಿಂದಿನ ಎಂಜಿನ್‌ಗಳಿಗೆ ಬ್ಯಾಂಕರ್ ಎನ್ನುತ್ತಾರೆ. ಎಲ್ಲಾದರೂ ಕಪ್ಲರ್ ತುಂಡಾದರೆ ಹಿಂದಿನ ತುಂಡು ಕೆಳಗೆ ಓಡಿಹೋಗದಂತೆ ತಡೆಯುವುದೂ ಅವುಗಳ ಕೆಲಸವೇ.

ಪ್ರಯಾಣಿಕರ ಗಾಡಿ ಇಷ್ಟು ಭಾರದ್ದಲ್ಲ. 22–24 ಬೋಗಿಯ ಗಾಡಿ ತುಂಬಿದಾಗ 1,200 ಟನ್ ಹತ್ತಿರ, ಬೇಕಾದ ಎಳೆತ 32 ಟನ್ ಚಿಲ್ಲರೆ. ಕಾಗದದ ಮೇಲೆ ಒಂದೇ ಎಂಜಿನ್ ಸಾಕೆನಿಸುತ್ತದೆ. ಆದರೆ ಒದ್ದೆ ಹಳಿಯ ಮೇಲೆ, ತಿರುವಿನಲ್ಲಿ, ನಿಂತ ಗಾಡಿಯನ್ನು ಮತ್ತೆ ಹೊರಡಿಸಬೇಕಾದ ಹೊತ್ತಿಗೆ ಆ ಲೆಕ್ಕ ನಿಲ್ಲುವುದಿಲ್ಲ. ಅದಕ್ಕೇ ಕುಳೆಂನಲ್ಲಿ ಗಾಡಿ ನಿಲ್ಲುತ್ತದೆ, ಹಿಂದೆ ಬ್ಯಾಂಕರ್ ಕೂಡುತ್ತದೆ, ಗಾಳಿಯ ಪೈಪ್ ಜೋಡಿಸಿ ಬ್ರೇಕ್ ಪರೀಕ್ಷೆಯಾಗುತ್ತದೆ. ಇದಕ್ಕೆ ಕಾಲು ತಾಸು, ಇಪ್ಪತ್ತು ನಿಮಿಷ. ಘಟ್ಟ ಹತ್ತಲು ಒಂದೂಕಾಲು–ಒಂದೂವರೆ ತಾಸು. ಮೇಲೆ ಬ್ಯಾಂಕರ್ ಬಿಚ್ಚಲು ಇನ್ನಷ್ಟು. ಕುಳೆಂನಲ್ಲಿ "ಸುಮ್ಮನೆ ನಿಲ್ಲಿಸಿದ್ದಾರೆ" ಎಂದು ಗೊಣಗುವ ಪ್ರಯಾಣಿಕರಿಗೆ ಗೊತ್ತಿರಬೇಕಾದ ವಿಷಯ ಇದು.

ಇಳಿಯುವುದು ಹತ್ತುವುದಕ್ಕಿಂತ ಅಪಾಯದ ಕೆಲಸ. ಕ್ಯಾಸಲ್‌ರಾಕ್‌ನಲ್ಲಿ ಬ್ರೇಕ್ ಪರೀಕ್ಷೆಯಾಗದೆ ಯಾವ ಗಾಡಿಯೂ ಕೆಳಗಿಳಿಯುವುದಿಲ್ಲ. ವೇಗ ಗಂಟೆಗೆ 30 ಕಿ.ಮೀ. ಆಸುಪಾಸಿಗೆ ಸೀಮಿತ. ಎಂಜಿನ್‌ನ ಡೈನಾಮಿಕ್ ಬ್ರೇಕ್ ಮುಖ್ಯ ಆಧಾರ: ಮೋಟರುಗಳೇ ಜನರೇಟರಿನಂತೆ ಕೆಲಸ ಮಾಡಿ ವೇಗವನ್ನು ಹಿಡಿದಿಡುತ್ತವೆ. ಗಾಳಿ ಬ್ರೇಕನ್ನು ಮತ್ತೆ ಮತ್ತೆ ಹಾಕಿ ಬಿಟ್ಟರೆ ಪ್ರತಿ ಬೋಗಿಯ ಕೆಳಗಿನ ಗಾಳಿ ಟ್ಯಾಂಕ್ ತುಂಬಿಕೊಳ್ಳಲು ಸಮಯ ಸಿಗುವುದಿಲ್ಲ. ಒತ್ತಡ ಇಳಿಯುತ್ತದೆ, ಬ್ರೇಕ್ ಬ್ಲಾಕ್ ಬಿಸಿಯಾಗುತ್ತದೆ, ಹಿಡಿತ ತಪ್ಪುತ್ತದೆ. ಹಾಗೆ ಹಿಡಿತ ತಪ್ಪಿದ ಗಾಡಿಯನ್ನು ಮುಖ್ಯ ಹಳಿಯಿಂದ ತಪ್ಪಿಸಿ ಎದುರೇರಿನ ಮೇಲೆ ಹತ್ತಿಸಿ ನಿಲ್ಲಿಸಲೆಂದೇ ಘಟ್ಟಗಳಲ್ಲಿ ಕ್ಯಾಚ್ ಸೈಡಿಂಗ್ ಇರುತ್ತವೆ. ವಿದ್ಯುತ್ ಎಂಜಿನ್ ಬಂದರೆ ಇಳಿಯುವಾಗ ಬ್ರೇಕಿನ ಶಕ್ತಿ ತಂತಿಗೆ ಮರಳುತ್ತದೆ, ಹತ್ತುವಾಗ ಹೊಗೆ ಇಲ್ಲ, ಎಳೆತವೂ ಹೆಚ್ಚು. ಒಳ್ಳೆಯದೇ. ಆದರೆ ಹಳಿ ಆಗಲೂ ಒಂದೇ, ಇಳಿಯುವ ವೇಗದ ಮಿತಿಯೂ ಅದೇ.

ದಿನಕ್ಕೆ ಎಷ್ಟು ಗಾಡಿ?

ಕುಳೆಂ ಮತ್ತು ಕ್ಯಾಸಲ್‌ರಾಕ್ ನಡುವೆ ಸೋನಾಲಿಂ, ದೂಧಸಾಗರ, ಕಾರಂಜೋಳ ಎಂಬ ಮೂರು ನಿಲ್ದಾಣಗಳಿವೆ. ಅಂದರೆ ನಿಲ್ದಾಣದಿಂದ ನಿಲ್ದಾಣಕ್ಕೆ ನಾಲ್ಕು ತುಂಡು, ರೈಲ್ವೆಯ ಮಾತಿನಲ್ಲಿ ನಾಲ್ಕು ಬ್ಲಾಕ್. ಒಂದು ಬ್ಲಾಕಿನಲ್ಲಿ ಒಂದು ಹೊತ್ತಿಗೆ ಒಂದೇ ಗಾಡಿ. ಎದುರಿನಿಂದ ಬರುವುದು ನಿಲ್ದಾಣದ ಪಕ್ಕದ ಹಳಿಯಲ್ಲಿ (ಲೂಪ್ ಲೈನ್) ಕಾಯಬೇಕು. ಒಂಟಿ ಹಳಿಯ ಸಾಮರ್ಥ್ಯ ಲೆಕ್ಕ ಹಾಕಲು ರೈಲ್ವೆಯವರು ಬಳಸುವುದು ಸ್ಕಾಟ್ ಸೂತ್ರ: ದಿನದ 1,440 ನಿಮಿಷವನ್ನು 0.7ರಿಂದ ಗುಣಿಸಿ, ಅತಿ ನಿಧಾನದ ಗಾಡಿ ಅತಿ ಉದ್ದದ ಬ್ಲಾಕ್ ದಾಟುವ ಸಮಯ ಮತ್ತು ಸಿಗ್ನಲ್ ಕೊಟ್ಟು ಪಡೆಯುವ ಸಮಯ ಎರಡನ್ನೂ ಕೂಡಿಸಿ ಬಂದ ಮೊತ್ತದಿಂದ ಭಾಗಿಸಬೇಕು. ತುಂಬಿದ ಗೂಡ್ಸ್ ಒಂದು ಬ್ಲಾಕ್ ಹತ್ತಲು 25 ನಿಮಿಷ, ಉಳಿದ ಕೆಲಸಕ್ಕೆ 8 ನಿಮಿಷ ಎಂದು ಹಿಡಿದರೆ ಬರುವ ಉತ್ತರ ಸುಮಾರು 30. ಎರಡೂ ದಿಕ್ಕಿನದು ಸೇರಿ, ಇಡೀ ದಿನಕ್ಕೆ.

ಈ ಮೂವತ್ತರಲ್ಲಿ ಹಳಿ ದುರಸ್ತಿಗೆ ಬಿಡುವ ತಾಸುಗಳು ಕಳೆಯಬೇಕು. ಮೇಲೆ ಬಿಟ್ಟ ಬ್ಯಾಂಕರ್‌ಗಳು ಕೆಳಗೆ ಮರಳಬೇಕು. ಇಳಿಯುವ ಗಾಡಿಗೆ ಅವನ್ನು ಕಟ್ಟಿ ತಂದರೆ ಸರಿ, ಇಲ್ಲವಾದರೆ ಬರೀ ಎಂಜಿನ್‌ಗಳೇ ಒಂದು ಗಾಡಿಯ ಜಾಗ ತಿನ್ನುತ್ತವೆ. ಒಂದು ಕಲ್ಲಿದ್ದಲು ರೇಕ್ ಮೇಲೆ ಹೋದರೆ ಒಂದು ಖಾಲಿ ರೇಕ್ ಕೆಳಗೆ ಬರಲೇಬೇಕು, ಆದ್ದರಿಂದ ಪ್ರತಿ ರೇಕ್‌ಗೆ ಎರಡು ಪಾಲು. ಸೂತ್ರದೊಳಗೆ ಇನ್ನೊಂದು ಸಂಗತಿ ಅಡಗಿದೆ. ಸಾಮರ್ಥ್ಯವನ್ನು ನಿರ್ಧರಿಸುವುದು ಅತಿ ನಿಧಾನದ ಗಾಡಿ. ಕಲ್ಲಿದ್ದಲು ತುಂಬಿದ ರೇಕ್ ಹತ್ತುವ ವೇಗವೇ ಗೋವಾ ಎಕ್ಸ್‌ಪ್ರೆಸ್ಸಿನ ಸಮಯವನ್ನೂ ಅಮರಾವತಿ ಎಕ್ಸ್‌ಪ್ರೆಸ್ಸಿನ ಸಮಯವನ್ನೂ ಕಟ್ಟಿಹಾಕುತ್ತದೆ. ಗೂಡ್ಸ್ ಒಂದು ಸೋನಾಲಿಂ ಮೇಲೆ ಜಾರಿ ನಿಂತರೆ ಕೆಳಗೆ ಕುಳೆಂನಲ್ಲೂ ಮೇಲೆ ಕ್ಯಾಸಲ್‌ರಾಕ್‌ನಲ್ಲೂ ಗಾಡಿಗಳು ಸಾಲಾಗಿ ನಿಲ್ಲುತ್ತವೆ.

ಹಾಗಾದರೆ ಈ ಹಳಿಯಲ್ಲಿ ನಮಗೆ ಸಿಕ್ಕಿರುವುದೇನು? ದಿನವೂ ಓಡುವ ವಾಸ್ಕೊ–ಯಶವಂತಪುರ (17309/17310): ಲೋಂಡಾ, ಧಾರವಾಡ, ಹುಬ್ಬಳ್ಳಿ, ಹಾವೇರಿ, ದಾವಣಗೆರೆ, ಅರಸೀಕೆರೆ, ತುಮಕೂರು ಕಡೆಯವರಿಗೆ. ದಿನವೂ ಓಡುವ ವಾಸ್ಕೊ–ನಿಜಾಮುದ್ದೀನ್ ಗೋವಾ ಎಕ್ಸ್‌ಪ್ರೆಸ್ (12779/12780): ಬೆಳಗಾವಿ, ಮೀರಜ್, ಪುಣೆ ಕಡೆಯವರಿಗೆ, ಇದು ಲೋಂಡಾದಿಂದ ಉತ್ತರಕ್ಕೆ ತಿರುಗುತ್ತದೆ, ಹುಬ್ಬಳ್ಳಿಗೆ ಬರುವುದಿಲ್ಲ. ವಾರಕ್ಕೆ ನಾಲ್ಕು ದಿನದ ಅಮರಾವತಿ (18047/18048): ಹುಬ್ಬಳ್ಳಿ, ಗದಗ, ಕೊಪ್ಪಳ, ಹೊಸಪೇಟೆ, ಬಳ್ಳಾರಿ ದಾಟಿ ಗುಂತಕಲ್ ಮೂಲಕ ಪೂರ್ವಕ್ಕೆ. ಅದೇ ಕೊಪ್ಪಳ–ಬಳ್ಳಾರಿ ದಾರಿಯಲ್ಲಿ 2024ರ ಅಕ್ಟೋಬರ್‌ನಿಂದ ವಾರಕ್ಕೆರಡು ದಿನದ ಸಿಕಂದರಾಬಾದ್–ವಾಸ್ಕೊ (17039/17040) ಸೇರಿಕೊಂಡಿತು. ಹೈದರಾಬಾದ್, ತಿರುಪತಿ ಕಡೆಯ ವಾರದ ಗಾಡಿಗಳು ಇನ್ನೂ ಇವೆ. ಬಾಗಲಕೋಟೆ, ವಿಜಯಪುರದವರು ಗದಗದಲ್ಲೋ ಹುಬ್ಬಳ್ಳಿಯಲ್ಲೋ ಇಳಿದು ಬದಲಿಸಬೇಕು. ರಾಯಚೂರಿನವರಿಗೆ ಹೆಚ್ಚಾಗಿ ಗುಂತಕಲ್ ಬದಲಾವಣೆಯ ಜಾಗ.

ಕೊಪ್ಪಳ–ಗದಗ ದಾರಿಗೆ ದಿನದ ಗಾಡಿ ಇಲ್ಲ ಎಂಬುದು ಈ ಪಟ್ಟಿಯ ದೊಡ್ಡ ಕೊರತೆ. ಗೋವಾದ ಕಟ್ಟಡ ಕೆಲಸಕ್ಕೆ, ಬಂದರಿಗೆ, ಮೀನುಗಾರಿಕೆಗೆ ಜನ ಬರುವುದು ಹೆಚ್ಚಾಗಿ ಆ ಕಡೆಯಿಂದಲೇ. ವಾರದ ಯಾವ ದಿನ ಯಾವ ಗಾಡಿ ಎಂದು ಲೆಕ್ಕ ಹಾಕಿಕೊಂಡು ರಜೆ ಕೇಳಬೇಕಾದ ಸ್ಥಿತಿ ದಿನಗೂಲಿಯವರಿಗೆ ಇರಬಾರದು.

ಜೋಡಿ ಹಳಿಯ ಜಗಳ

ಹೊಸಪೇಟೆಯಿಂದ ಹುಬ್ಬಳ್ಳಿ, ತಿನೈಘಾಟ್ ಮೂಲಕ ವಾಸ್ಕೊ ತನಕ ಸುಮಾರು 350 ಕಿ.ಮೀ. ಜೋಡಿ ಹಳಿ ಹಾಕುವ ಯೋಜನೆಯನ್ನು ರೈಲ್ ವಿಕಾಸ್ ನಿಗಮಕ್ಕೆ ಒಪ್ಪಿಸಲಾಗಿತ್ತು. ಕರ್ನಾಟಕದ ಬಯಲಿನಲ್ಲಿ ಇದಕ್ಕೆ ದೊಡ್ಡ ವಿರೋಧ ಬರಲಿಲ್ಲ. ಘಟ್ಟದಲ್ಲಿ ಮಾತ್ರ ಹಳಿ ಭಗವಾನ್ ಮಹಾವೀರ ಅಭಯಾರಣ್ಯ ಮತ್ತು ಮೊಲ್ಲೆಂ ರಾಷ್ಟ್ರೀಯ ಉದ್ಯಾನದ ಒಳಗೆ ಹಾಯ್ದುಹೋಗುತ್ತದೆ. 2019ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ ಅನುಮತಿ ಕೊಟ್ಟಿತು. ಗೋವಾ ಫೌಂಡೇಶನ್ ಎಂಬ ಪರಿಸರ ಸಂಘಟನೆ ಅದನ್ನು ಪ್ರಶ್ನಿಸಿತು. ಸುಪ್ರೀಂ ಕೋರ್ಟ್‌ ನೇಮಿಸಿದ ಕೇಂದ್ರ ಉನ್ನತಾಧಿಕಾರ ಸಮಿತಿ 2021ರ ಏಪ್ರಿಲ್‌ನಲ್ಲಿ ವರದಿ ಕೊಟ್ಟು, ಸೂಕ್ಷ್ಮವಾದ ಘಟ್ಟವನ್ನು ಹಾಳುಮಾಡುವ ಈ ಯೋಜನೆಗೆ ಸಮರ್ಥನೆ ಕಾಣುವುದಿಲ್ಲ ಎಂದಿತು. 2022ರ ಮೇ ತಿಂಗಳಲ್ಲಿ ಕೋರ್ಟ್‌ ಕ್ಯಾಸಲ್‌ರಾಕ್–ಕುಳೆಂ ಭಾಗದ ಅನುಮತಿಯನ್ನು ರದ್ದು ಮಾಡಿತು. ಜೀವವೈವಿಧ್ಯದ ಮೇಲಿನ ಪರಿಣಾಮವನ್ನು ವಿವರವಾಗಿ ಅಧ್ಯಯನ ಮಾಡಿ ಹೊಸದಾಗಿ ಬರುವ ಬಾಗಿಲನ್ನು ಮಾತ್ರ ಮುಚ್ಚಲಿಲ್ಲ.

ಕೆಳಗಿನ ಬಯಲಿನಲ್ಲಿ ಕಥೆ ಬೇರೆ. 2020ರ ನವೆಂಬರ್ ಆರಂಭದಲ್ಲಿ ಚಾಂದೋರ್‌ನಲ್ಲಿ ಜನ ರಾತ್ರಿಯೆಲ್ಲ ಹಳಿಯ ಮೇಲೆ ಕುಳಿತರು. ವೆಲ್ಸಾವ್, ಕಾನ್ಸಾವ್ಲಿ ಕಡೆ ಮನೆಗಳು ಹಳಿಗೆ ಎಷ್ಟು ಹತ್ತಿರ ಎಂದರೆ ಎರಡನೆಯ ಹಳಿ ಬಂದರೆ ಅಂಗಳವೇ ಹೋಗುತ್ತದೆ. ಗೋಡೆ ಬಿರುಕು, ಜಾಗದ ಹಕ್ಕಿನ ತಕರಾರು, ಕಿಟಕಿಯ ಮೇಲೆ ಕೂರುವ ಕರಿ ಧೂಳು ಇವು ಅವರ ದೂರು. ಕಲ್ಲಿದ್ದಲು ಬೇಡ ಎಂಬ ಅವರ ಹೋರಾಟ ಕನ್ನಡಿಗರ ವಿರುದ್ಧದ್ದು ಎಂದು ಕೆಲವೊಮ್ಮೆ ಬಿಂಬಿಸಲಾಗುತ್ತದೆ. ಅದು ತಪ್ಪು. ವಾಸ್ಕೊದ ಕನ್ನಡಿಗರ ಮನೆಗಳೂ ಅದೇ ಬಂದರಿನ ಬುಡದಲ್ಲಿವೆ, ಅವರ ಮಕ್ಕಳೂ ಅದೇ ಗಾಳಿಯನ್ನೇ ಉಸಿರಾಡುತ್ತಾರೆ. ಬಯಲು ಭಾಗದ ಕೆಲಸ ಈ ವಿರೋಧದ ನಡುವೆಯೇ ತುಂಡುತುಂಡಾಗಿ ಸಾಗಿತು.

ಈಗ ಮೇಲಿನ ಲೆಕ್ಕಕ್ಕೆ ಇದನ್ನು ಹೊಂದಿಸಿ. ಮೇಲೆ ಕ್ಯಾಸಲ್‌ರಾಕ್ ತನಕ ಎರಡು ಹಳಿ, ಕೆಳಗೆ ಕುಳೆಂನಿಂದ ಎರಡು ಹಳಿ ಆದರೂ ನಡುವಿನ 26 ಕಿ.ಮೀ. ಒಂಟಿಯಾಗಿದ್ದರೆ ಘಟ್ಟ ದಾಟುವ ಗಾಡಿಗಳ ಸಂಖ್ಯೆ ಹೆಚ್ಚುವುದಿಲ್ಲ. ಗಾಡಿಗಳು ಘಟ್ಟದ ಎರಡೂ ತುದಿಗೆ ಬೇಗ ಬಂದು ಅಲ್ಲಿ ಕಾಯುತ್ತವೆ, ಅಷ್ಟೇ. ಹಾಗಾದರೆ ಬಯಲಿನ ಜೋಡಿ ಹಳಿಯಿಂದ ಯಾರಿಗೆ ಲಾಭ? ಸರಿಯಾಗಿ ಬಳಸಿದರೆ ಸ್ಥಳೀಯರಿಗೆ. ವಾಸ್ಕೊ, ದಾಬೋಳಿ, ಕಾನ್ಸಾವ್ಲಿ, ಮಾಜೋರ್ಡಾ, ಮಡಗಾಂವ್, ಚಾಂದೋರ್, ಸಾವರ್ಡೆ, ಕುಳೆಂ ಎಂಬ ಈ ಸಾಲಿನಲ್ಲಿ ತಾಸಿಗೊಂದು ಡೆಮು (ಚಿಕ್ಕ ಸ್ಥಳೀಯ ಡೀಸೆಲ್ ರೈಲು) ಓಡಿಸಬಹುದು. ಘಟ್ಟ ಹತ್ತದ ಗಾಡಿಗೆ ಬ್ಯಾಂಕರ್ ಬೇಡ, ಕ್ಯಾಚ್ ಸೈಡಿಂಗ್ ಬೇಡ. ಮಡಗಾಂವ್‌ನಲ್ಲಿ ಕೊಂಕಣ ರೈಲ್ವೆಯ ಗಾಡಿಗಳಿಗೆ ಸಮಯ ಹೊಂದಿಸಿದರೆ ಮುಂಬಯಿ, ಮಂಗಳೂರು ಕಡೆಯವರಿಗೂ ವಾಸ್ಕೊ ಹತ್ತಿರವಾಗುತ್ತದೆ. ದಾಬೋಳಿ ವಿಮಾನ ನಿಲ್ದಾಣದ ಪಕ್ಕದಲ್ಲೇ ರೈಲು ನಿಲ್ದಾಣ ಇದ್ದೂ ಅದು ಪ್ರಯಾಣಿಕರ ಉಪಯೋಗಕ್ಕೆ ಬಾರದಿರುವುದು ದೊಡ್ಡ ನಷ್ಟ. 1998ರಲ್ಲಿ ಕೊಂಕಣ ರೈಲ್ವೆ ಪೂರ್ತಿಯಾದಾಗಿನಿಂದ ಗೋವಾದ ಮುಖ್ಯ ನಿಲ್ದಾಣದ ಸ್ಥಾನ ಮಡಗಾಂವ್‌ಗೆ ಹೋಯಿತು, ವಾಸ್ಕೊ ಕವಲಿನ ತುದಿಯಾಗಿ ಉಳಿಯಿತು. ನಿಲ್ದಾಣಗಳನ್ನು ನವೀಕರಿಸುವ ಅಮೃತ ಭಾರತ ಯೋಜನೆಯಲ್ಲಿ ವಾಸ್ಕೊ, ಸಾವರ್ಡೆ ಎರಡೂ ಸೇರಿವೆ. ಕಟ್ಟಡ ಚೆಂದವಾದರೆ ಸಂತೋಷವೇ, ಆದರೆ ಪ್ಲಾಟ್‌ಫಾರಂನಲ್ಲಿ ಗಾಡಿ ನಿಲ್ಲದಿದ್ದರೆ ಆ ಚೆಂದ ಯಾರಿಗೆ?

ಗೋವಾದ ಕನ್ನಡಿಗರು ಘಟ್ಟದ ಜೋಡಿ ಹಳಿಯ ಪರವಾಗಿ ನಿಲ್ಲಬೇಕಾದ ಕಾರಣ ನಮಗೆ ಕಾಣುವುದಿಲ್ಲ. ಹೊಸ ಹಳಿ ಬಂದರೂ ಅದರ ಬಹುಪಾಲನ್ನು ತುಂಬುವುದು ಕಲ್ಲಿದ್ದಲು. ಯೋಜನೆಯ ಸಮರ್ಥನೆಯೇ ಸರಕಿನ ಮೇಲೆ ನಿಂತದ್ದು. ಇನ್ನೂ ಮುಖ್ಯವಾದ ಮಾತು: ಪ್ರಯಾಣಿಕರಿಗೆ ಬೇಕಾದ ಹೆಚ್ಚುವರಿ ಜಾಗ ಹೊಸ ಹಳಿ ಇಲ್ಲದೆಯೇ ಸಿಗುತ್ತದೆ. ಘಟ್ಟದಲ್ಲಿ ದುಬಾರಿಯಾದದ್ದು ಗಾಡಿಯ ಸಂಖ್ಯೆ, ಗಾಡಿಯ ಉದ್ದವಲ್ಲ. ಹೊಸದೊಂದು ರೈಲು ಬಿಟ್ಟರೆ ಹೋಗುವುದಕ್ಕೆ ಒಂದು, ಬರುವುದಕ್ಕೆ ಒಂದು ಪಾಲು ಬೇಕು. ಇರುವ ರೈಲಿಗೆ ಒಂದು ಬೋಗಿ ಸೇರಿಸಿದರೆ 50–55 ಟನ್ ಭಾರ ಹೆಚ್ಚಿ, ಏರಿನಲ್ಲಿ ಸುಮಾರು ಒಂದೂವರೆ ಟನ್ ಎಳೆತ ಹೆಚ್ಚು ಬೇಕಾಗುತ್ತದೆ. ಬ್ಯಾಂಕರ್ ಹೇಗೂ ಹಿಂದೆ ಇರುವಾಗ ಅದು ಲೆಕ್ಕಕ್ಕೇ ಬರದು. 58 ವ್ಯಾಗನ್‌ಗಳ ಗೂಡ್ಸ್ ವ್ಯಾಗನ್‌ಗಳಲ್ಲೇ 620 ಮೀಟರ್ ಉದ್ದ. ಅಷ್ಟುದ್ದದ ಗಾಡಿಯನ್ನು ನಿಭಾಯಿಸುವ ಮಾರ್ಗದಲ್ಲಿ 24 ಬೋಗಿಯ ಗಾಡಿ ಉದ್ದವಾಯಿತು ಎಂಬ ನೆಪ ನಿಲ್ಲದು. ಆದ್ದರಿಂದ ಮನವಿ ಬರೆಯುವ ಸಂಘಗಳು "ಹೊಸ ರೈಲು" ಎಂಬುದಕ್ಕಿಂತ ಮೊದಲು ಕೇಳಬೇಕಾದದ್ದು ಇವು: ವಾಸ್ಕೊದಿಂದ ಕರ್ನಾಟಕಕ್ಕೆ ಹೊರಡುವ ಪ್ರತಿ ಗಾಡಿಗೂ 24 ಬೋಗಿ, ಅದರಲ್ಲಿ ಜನರಲ್ ಬೋಗಿ ಕನಿಷ್ಠ ನಾಲ್ಕು. ಅಮರಾವತಿ ಮತ್ತು ಸಿಕಂದರಾಬಾದ್ ಗಾಡಿಗಳ ಓಡುವ ದಿನಗಳು ಒಂದರ ಮೇಲೊಂದು ಬೀಳದೆ ವಾರದ ಆರು ದಿನ ತುಂಬುವಂತೆ ಹೊಂದಾಣಿಕೆ. ಪ್ರಯಾಣಿಕರ ಗಾಡಿಗಳು ಘಟ್ಟ ಏರುವ ತಾಸುಗಳಲ್ಲಿ ತುಂಬಿದ ರೇಕ್‌ಗಳನ್ನು ಕುಳೆಂನಿಂದ ಬಿಡದಿರುವ ನಿಯಮ. ಮೂರನೆಯದಕ್ಕೆ ಹಣವೇ ಬೇಡ, ಹುಬ್ಬಳ್ಳಿ ವಿಭಾಗದ ಕಂಟ್ರೋಲ್ ಆಫೀಸಿನ ತೀರ್ಮಾನ ಸಾಕು.

ಹುಬ್ಬಳ್ಳಿ–ಅಂಕೋಲಾ ಹಳಿ ಆದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿದ್ದಾರೆ. ಆ ಯೋಜನೆಯೂ ದಶಕಗಳಿಂದ ಯಲ್ಲಾಪುರದ ಕಾಡಿನ ಪ್ರಶ್ನೆಯಲ್ಲೇ ನಿಂತಿದೆ. ಅದನ್ನು ನಂಬಿ ಇಂದಿನ ಬೇಡಿಕೆ ಮುಂದೂಡುವುದು ಬೇಡ.

ಮಳೆಗಾಲದಲ್ಲಿ ಹೊರಡುವವರಿಗೆ

ಕ್ಯಾಸಲ್‌ರಾಕ್ ಕರ್ನಾಟಕದ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲಿ ಒಂದು. ಗುಡ್ಡ ಕಡಿದು ಹಳಿ ಹಾಕಿದಲ್ಲಿ ಮೇಲೆ ಸಡಿಲ ಮಣ್ಣು, ಕೆಳಗೆ ಶಿಥಿಲ ಬಂಡೆ. ನೀರು ಇವೆರಡರ ಸಂದಿಗೆ ಇಳಿದರೆ ಮೇಲಿನ ಮಣ್ಣು ಒಟ್ಟಿಗೆ ಜಾರುತ್ತದೆ. ಮೇಲ್ಗಾಲುವೆಗಳಲ್ಲಿ ಎಲೆ, ಮಣ್ಣು ಕಟ್ಟಿಕೊಂಡರೆ ನೀರು ಕಡಿತದ ಮುಖದ ಮೇಲೇ ಹರಿಯುತ್ತದೆ. ಕುಸಿತಗಳು ಹೆಚ್ಚಾಗಿ ಆಗುವುದು ಹೀಗೆ. 2021ರ ಜುಲೈ 23ರಂದು ಮಂಗಳೂರು–ಮುಂಬಯಿ ಗಾಡಿಯೊಂದು ದೂಧಸಾಗರ ಮತ್ತು ಸೋನಾಲಿಂ ನಡುವೆ ಕುಸಿದ ಮಣ್ಣಿಗೆ ಸಿಕ್ಕಿ ಹಳಿ ತಪ್ಪಿತು, ಜೀವಹಾನಿ ಆಗಲಿಲ್ಲ. ಆ ಗಾಡಿ ಈ ದಾರಿಯದೇ ಅಲ್ಲ. ಚಿಪಳೂಣದಲ್ಲಿ ವಾಶಿಷ್ಠಿ ನದಿ ಉಕ್ಕಿ ಕೊಂಕಣ ಮಾರ್ಗ ನಿಂತದ್ದರಿಂದ ಇತ್ತ ತಿರುಗಿಸಿದ್ದರು. 2024ರ ಜುಲೈ ಕೊನೆಯಲ್ಲಿ ಕ್ಯಾಸಲ್‌ರಾಕ್–ಕಾರಂಜೋಳ ನಡುವೆ ಗುಡ್ಡ ಕುಸಿಯಿತು, ಆಗಸ್ಟ್‌ನಲ್ಲಿ ಸೋನಾಲಿಂ ಬಳಿ ಗೂಡ್ಸ್ ಹಳಿ ತಪ್ಪಿತು. ಎರಡೂ ಸಲ ಗಾಡಿಗಳು ರದ್ದಾದವು, ದಾರಿ ಬದಲಿಸಿದವು. ಒಂಟಿ ಹಳಿಯ ನಿಜವಾದ ದೌರ್ಬಲ್ಯ ಇಲ್ಲಿದೆ ಎಂದು ಜೋಡಿ ಹಳಿಯ ಪರ ವಾದಿಸುವವರು ಹೇಳುತ್ತಾರೆ. ಆದರೆ ಎರಡನೆಯ ಹಳಿಗೂ ಅದೇ ಗುಡ್ಡವನ್ನೇ ಇನ್ನಷ್ಟು ಕಡಿಯಬೇಕು. ಕುಸಿತ ಬಂದರೆ ಎರಡನ್ನೂ ಮುಚ್ಚುತ್ತದೆ. ಕಾಲುವೆ, ಬಂಡೆ ತಡೆಯುವ ಬಲೆ, ಗೇಬಿಯನ್ (ತಂತಿಬಲೆಯಲ್ಲಿ ಕಲ್ಲು ತುಂಬಿದ) ಗೋಡೆ, ಕಾವಲುಗಾರರು ಇವುಗಳಿಗೆ ಸುರಿದ ಹಣ ಹೆಚ್ಚು ಕಾಪಾಡುತ್ತದೆ.

ಘಟ್ಟ ಮುಚ್ಚಿದಾಗ ವಾಸ್ಕೊ ಗಾಡಿಗಳನ್ನು ಕೆಲವೊಮ್ಮೆ ಮಡಗಾಂವ್, ಕಾರವಾರ, ಪಡೀಲ್, ಸುಬ್ರಹ್ಮಣ್ಯ ರೋಡ್, ಹಾಸನ, ಅರಸೀಕೆರೆ ಸುತ್ತಿಸಿ ಓಡಿಸುತ್ತಾರೆ. ಅದೂ ಘಟ್ಟವೇ, ಅಲ್ಲಿಯೂ ಕುಸಿತ ಸಾಮಾನ್ಯ. ಆ ಸುತ್ತಿನಲ್ಲಿ ಲೋಂಡಾ, ಧಾರವಾಡ ತಪ್ಪಿಹೋಗುತ್ತವೆ. ಎಸ್‌ಎಂಎಸ್ ಪೂರ್ತಿ ಓದದೆ ಹತ್ತಿದವರು ಊರು ಬಿಟ್ಟು ದೂರ ಹೋಗಿಬಿಡುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಹೊರಡುವ ಮುನ್ನ 139ಕ್ಕೆ ಕರೆ ಮಾಡಿ ಗಾಡಿ ಸಂಖ್ಯೆಯ ಜೊತೆ ಮಾರ್ಗವನ್ನೂ ಕೇಳಿ. ಗಾಡಿ ರದ್ದಾದರೆ ಇ–ಟಿಕೆಟ್ ಹಣ ಪೂರ್ತಿ ತಾನಾಗಿ ಮರಳುತ್ತದೆ, ಕೌಂಟರ್ ಟಿಕೆಟ್ ಇದ್ದರೆ ಕೌಂಟರಿಗೇ ಹೋಗಿ ಕೊಡಬೇಕು. ಗಾಡಿ ಮೂರು ತಾಸಿಗಿಂತ ತಡವಾಗಿ ನೀವು ಪ್ರಯಾಣ ಬಿಟ್ಟರೆ ಪೂರ್ತಿ ಹಣಕ್ಕೆ ಹಕ್ಕಿದೆ, ಆದರೆ ಗಾಡಿ ನಿಮ್ಮ ನಿಲ್ದಾಣ ಬಿಡುವ ಮೊದಲೇ ಟಿಡಿಆರ್ (ಹಣ ಮರಳಿಸಲು ಕೋರುವ ಅರ್ಜಿ) ಹಾಕಿರಬೇಕು. ಮಾರ್ಗ ಬದಲಾಗಿ ನಿಮ್ಮ ಊರು ತಪ್ಪಿದರೂ ಟಿಡಿಆರ್ ಮೂಲಕವೇ ಕೇಳಬೇಕು. ಜನರಲ್ ಟಿಕೆಟಿನವರಿಗೆ ಈ ಸಂದೇಶಗಳು ಬರುವುದೇ ಇಲ್ಲ. ಅವರಿಗಾಗಿ ವಾಸ್ಕೊ, ಮಡಗಾಂವ್ ನಿಲ್ದಾಣಗಳಲ್ಲಿ ಮಳೆಗಾಲದ ಬದಲಾವಣೆಗಳನ್ನು ಕನ್ನಡದಲ್ಲೂ ಕೂಗಿ ಹೇಳುವ, ಬೋರ್ಡಿನಲ್ಲಿ ಬರೆದು ತೂಗುಹಾಕುವ ವ್ಯವಸ್ಥೆ ಬೇಕು. ಈ ಸಾಲನ್ನು ನಡೆಸುವ ನೈಋತ್ಯ ರೈಲ್ವೆಯ ಮುಖ್ಯ ಕಚೇರಿ ಹುಬ್ಬಳ್ಳಿಯಲ್ಲೇ ಇದೆ; ಕನ್ನಡದಲ್ಲಿ ಹೇಳುವುದು ಅದಕ್ಕೆ ಕಷ್ಟದ ಕೆಲಸವಲ್ಲ.

ದೂಧಸಾಗರ ನೋಡಲು ಹೊರಡುವ ಹುಡುಗರಿಗೆ ಒಂದು ಮಾತು. ಆ ನಿಲ್ದಾಣದಲ್ಲಿ ಇಳಿದು ಹಳಿಯ ಮೇಲೆ ನಡೆಯುವುದನ್ನು ರೈಲ್ವೆ ನಿಷೇಧಿಸಿದೆ. ರೈಲ್ವೆ ಕಾಯಿದೆಯ 147ನೆಯ ಕಲಂ ಪ್ರಕಾರ ಆರು ತಿಂಗಳ ತನಕ ಜೈಲು ಅಥವಾ ಸಾವಿರ ರೂಪಾಯಿ ತನಕ ದಂಡ, ಇಲ್ಲವೇ ಎರಡೂ. ಸುರಂಗದೊಳಗೆ ಸರಿಯಲು ಜಾಗವಿಲ್ಲ. ನೀರಿನ ಸದ್ದಿನಲ್ಲಿ ಇಳಿದು ಬರುವ ಗಾಡಿಯ ಸದ್ದು ಕೇಳದು. ಆ ಇಳಿಜಾರಿನಲ್ಲಿ ಲೋಕೋ ಪೈಲಟ್ ನಿಮ್ಮನ್ನು ಕಂಡರೂ ಗಾಡಿ ತಕ್ಷಣ ನಿಲ್ಲುವುದಿಲ್ಲ. ಜಲಪಾತ ಬೋಗಿಯ ಕಿಟಕಿಯಿಂದಲೇ ಚೆನ್ನಾಗಿ ಕಾಣುತ್ತದೆ. ಇಳಿದೇ ನೋಡಬೇಕೆಂದರೆ ಮಳೆಗಾಲ ಕಳೆದ ಮೇಲೆ ಕುಳೆಂನಲ್ಲಿ ಇಳಿದು ಅರಣ್ಯ ಇಲಾಖೆಯ ಅನುಮತಿಯ ಜೀಪು ಹಿಡಿಯಿರಿ.